ಐವತ್ತೊಂದನೆಯ ಅಳತೆ

ತಾನು ತುಂಬಿದ ಕಾಡತೂಸನ್ನು ಇನ್ನೊಬ್ಬರ ಬಂದೂಕಿಗೆ ಕೊಡಬಾರದು ಎಂದು ಮೃತ್ಯುಂಜಯನಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಹೇಳಿದವನು ರೈಫಲ್ ಕ್ಲಬ್ಬಿನ ಹಳೆಯ ಸದಸ್ಯ, ಎಪ್ಪತ್ತೈದು ದಾಟಿದ ಗ್ರೇಮ್ ಎಂಬ ಮುದುಕ. ಖಾಲಿ ಹಿತ್ತಾಳೆ ಕೇಸನ್ನು ತೊಳೆಯುವುದು, ಅದರ ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸುವುದು, ಮದ್ದಿನ ಪುಡಿಯನ್ನು ತೂಗಿ ಹಾಕುವುದು, ಮೇಲೆ ಗುಂಡು ಒತ್ತುವುದು, ಎಲ್ಲವನ್ನೂ ತಾಳ್ಮೆಯಿಂದ ಕಲಿಸಿದ ಮೇಲೆ ಅವನು ಬೆರಳೆತ್ತಿ ಹೇಳಿದ್ದ: “ನೀನು ಮಾಡಿದ್ದನ್ನು ನೀನೇ ಹಾರಿಸು. ಕೈ ತಪ್ಪಿದರೆ ನಿನ್ನ ಮುಖಕ್ಕೇ ಬರಲಿ.”

ಎಂಟು ವರ್ಷ ಮೃತ್ಯುಂಜಯ ಆ ಮಾತನ್ನು ಮೀರಿರಲಿಲ್ಲ.

ಧಾರವಾಡದವನು. ಹತ್ತೊಂಬತ್ತು ವರ್ಷದಿಂದ ದಕ್ಷಿಣದ ಈ ದ್ವೀಪದೇಶದ ಪಾಪಕುರಾ ಊರಿನಲ್ಲಿ ಮನೆ. ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ ಹಾಲು ಕರೆಯುವ ಯಂತ್ರದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಇಡೀ ಪೆಟ್ಟಿಗೆಯನ್ನು ಹಿಂದಕ್ಕೆ ಕಳಿಸುತ್ತಿದ್ದ. ಬೈದವರುಂಟು, ಆದರೆ ಅವನ ಸಹಿ ಬಿದ್ದ ಮೇಲೆ ಯಾರೂ ಎರಡನೇ ಸಲ ಅಳೆಯುತ್ತಿರಲಿಲ್ಲ. ಹೆಂಡತಿ ಇಂದಿರಾ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನರ್ಸು. ಮಕ್ಕಳಿರಲಿಲ್ಲ. ಗ್ಯಾರೇಜಿನ ಒಂದು ಮೂಲೆಯಲ್ಲಿ ಮೇಜು, ಗುಂಡು ಒತ್ತಲು ಮೇಜಿಗೆ ಬಿಗಿದ ಪ್ರೆಸ್ಸು, ಚಿಕ್ಕ ತಕ್ಕಡಿ, ನೀಲಿ ರಟ್ಟಿನ ಒಂದು ನೋಟ್‌ಬುಕ್ಕು. ಯಾವ ದಿನ ಎಷ್ಟು ಕೇಸು, ಯಾವ ಮದ್ದು, ಡಬ್ಬಿಯ ತೂಕ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ನೂರು ಮೀಟರಿನಲ್ಲಿ ಐದು ಗುಂಡು ಎಷ್ಟು ಹತ್ತಿರ ಬಿದ್ದವು, ಎಲ್ಲವೂ ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿರುತ್ತಿತ್ತು. ಅವನದು ‘ಟ್ರಿಪಲ್ ಟೂ’ ಎಂದು ಇಲ್ಲಿಯವರು ಕರೆಯುವ ಸಣ್ಣ ನಳಿಕೆಯ ರೈಫಲ್ಲು.

ಅದೇ ಜಾತಿಯ ಹಳೆಯ ರೈಫಲ್ಲೊಂದು ಆದರ್ಶನ ಬಳಿಯೂ ಇತ್ತು.

ಆದರ್ಶ್ ಮೈಸೂರಿನ ಹುಡುಗ, ಹ್ಯಾಮಿಲ್ಟನ್ನಿನಲ್ಲಿ ಹಲ್ಲಿನ ಡಾಕ್ಟರು. ಹುಡುಗ ಎಂದರೂ ನಲವತ್ತೆರಡು. ಊರ ಹೊರಗೆ ನಾಲ್ಕೆಕರೆ ಜಾಗ ತೆಗೆದುಕೊಂಡು ಹೆಂಡತಿ ನಿಖಿತಾ, ಹದಿನಾಲ್ಕರ ಮಗಳು ಮಾನ್ಯಳೊಂದಿಗೆ ಅಲ್ಲೇ ಇದ್ದ. ಕನ್ನಡ ಸಂಘದ ಊಟದ ಸಾಲಿನಲ್ಲಿ ಶುರುವಾದ ಪರಿಚಯ ಬಂದೂಕಿನ ಮಾತಿನಿಂದ ಸ್ನೇಹವಾಗಿ, ಮೃತ್ಯುಂಜಯನನ್ನು ಅವನು ‘ಅಣ್ಣಾ’ ಎನ್ನತೊಡಗಿದ್ದ. ಎರಡು ತಿಂಗಳಿಗೊಮ್ಮೆ ಇಂದಿರಾ ಕಟ್ಟಿಕೊಟ್ಟ ಜೋಳದ ರೊಟ್ಟಿಯ ಗಂಟು ಹಿಡಿದು ಗಂಡಹೆಂಡತಿ ಹ್ಯಾಮಿಲ್ಟನ್ನಿಗೆ ಹೋಗುವುದು ರೂಢಿಯಾಗಿತ್ತು.

ಆದರ್ಶನ ತಲೆನೋವು ಮೊಲ. ನೆಟ್ಟ ಹಣ್ಣಿನ ಸಸಿಗಳ ತೊಗಟೆಯನ್ನೆಲ್ಲ ಮೊಲಗಳು ತಿಂದು ಹಾಕುತ್ತಿದ್ದವು. ಅಂಗಡಿಯ ಕಾಡತೂಸು ಹಾರಿಸಿದರೆ, ಸೈಲೆನ್ಸರ್ ಹಾಕಿದ್ದರೂ, ಗುಂಡು ಗಾಳಿ ಸೀಳುವ ಸದ್ದಿಗೆ ಪಕ್ಕದವರ ಕುದುರೆಗಳು ಬೆದರಿ ಬೇಲಿಗೆ ನುಗ್ಗುತ್ತಿದ್ದವು.

“ಅಣ್ಣಾ, ಮೆತ್ತಗೆ ಹೋಗೋ ಥರ ನೀವೇ ಏನಾದ್ರೂ ಮಾಡ್ಕೊಡಿ. ನಿಮ್ಮಷ್ಟು ಕರೆಕ್ಟಾಗಿ ಯಾರು ಮಾಡ್ತಾರೆ?” ಎಂದು ಆದರ್ಶ್ ಕೇಳಿದ.

“ಸಣ್ಣ ಪಾಯಿಂಟ್ ಟೂ ಟೂ ಬಂದೂಕು ಒಂದು ತಗೋರಿ ಡಾಕ್ಟ್ರ. ಅದs ಸರಿ ಅದಕ್ಕ,” ಎಂದ ಮೃತ್ಯುಂಜಯ.

ಹೇಳಿದ್ದು ನಿಜ. ಆದರೆ ಹೇಳುವಾಗಲೇ ಅವನ ತಲೆಯಲ್ಲಿ ಲೆಕ್ಕ ಶುರುವಾಗಿತ್ತು. ದೊಡ್ಡ ಕೇಸಿನಲ್ಲಿ ಬೇಗ ಉರಿಯುವ ಮದ್ದನ್ನು ಚಿಟಿಕೆಯಷ್ಟೇ ಹಾಕಿ, ಗುಂಡು ಸದ್ದಿಗಿಂತ ನಿಧಾನವಾಗಿ ಹೋಗಿಯೂ ನೆಟ್ಟಗೆ ಬೀಳುವಂತೆ ಮಾಡುವುದು ಸುಲಭವಲ್ಲ. ಡಿಸೆಂಬರಿಗೆ ಶುರುವಾಗುವ ಇಲ್ಲಿಯ ಬೇಸಿಗೆಯೆಲ್ಲ ಅವನು ಅದರಲ್ಲೇ ಮುಳುಗಿದ. ಒಂದೊಂದು ಅಳತೆಗೆ ಐದೈದು ಕಾಡತೂಸು ಮಾಡುವುದು, ಕ್ಲಬ್ಬಿನಲ್ಲಿ ತನ್ನ ರೈಫಲ್ಲಿನಲ್ಲಿ ಹಾರಿಸುವುದು, ಬರೆದುಕೊಳ್ಳುವುದು. ಮಾರ್ಚ್ ಹೊತ್ತಿಗೆ ಐವತ್ತು ಮೀಟರಿನಲ್ಲಿ ಐದೂ ಗುಂಡು ಒಂದು ಡಾಲರ್ ನಾಣ್ಯದೊಳಗೆ ಬಿದ್ದವು. ಸದ್ದು ಬಾಗಿಲ ಚಿಲಕ ಹಾಕಿದಷ್ಟು. ಅಂದು ಮನೆಗೆ ಬಂದವನು ಕಾಗದದ ಗುರಿಹಲಗೆಯನ್ನು ಇಂದಿರಾಗೆ ತೋರಿಸಿದ. ಈ ಕೆಲಸದ ಮುಂದೆ ಗ್ರೇಮ್ ಹೇಳಿದ ಮಾತು ಅವನಿಗೆ ಸಾಮಾನ್ಯ ಜನರಿಗಾಗಿ ಮಾಡಿದ ನಿಯಮದಂತೆ ಕಂಡಿತು.

ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಆದರ್ಶನಿಗಾಗಿ ಐವತ್ತು ಕಾಡತೂಸು ತುಂಬಲು ಕೂತ. ಮರದ ಹಲಗೆಯ ತೂತುಗಳಲ್ಲಿ ಐವತ್ತು ಕೇಸುಗಳು ಬಾಯಿ ಮೇಲೆ ಮಾಡಿ ನಿಂತಿದ್ದವು. ಒಂದೊಂದಕ್ಕೂ ಮದ್ದು ತೂಗಿ, ಪುಟ್ಟ ಆಲಿಕೆಯಿಟ್ಟು ಸುರಿಯುತ್ತ ಅರ್ಧ ದಾಟಿರಬೇಕು. ಒಳಗಿನಿಂದ ಇಂದಿರಾ ಕೂಗಿದಳು.

“ಏನ್ರೀ, ಲಗೂ ಬರ್ರಿ! ವಾಷಿಂಗ್ ಮಷೀನಿನ ಪೈಪು ಕಿತ್ತು ಬಂದೈತಿ. ನೀರು ಹಾಲ್‌ತನಕಾ ಹರ್ಯಾಕತ್ತೈತಿ!”

ಓಡಿ ಹೋಗಿ ನಲ್ಲಿ ತಿರುಗಿಸಿದ, ಇಬ್ಬರೂ ಸೇರಿ ನೆಲ ಒರೆಸಿದರು. ವಾಪಸ್ಸು ಬಂದು ಕೂತಾಗ ಆಲಿಕೆ ಒಂದು ಕೇಸಿನ ಮೇಲೆ ಹಾಗೇ ಇತ್ತು. ತೂಗಿದ. ಸುರಿದ. ಮುಂದುವರಿದ. ಸಂಜೆ ಸಂಘದ ಶ್ರೀಲಕ್ಷ್ಮಿಯವರ ಮನೆಯ ಪೂಜೆಗೆ ಹೋಗಬೇಕಿತ್ತು.

ಎಲ್ಲ ತುಂಬಿದ ಮೇಲೆ, ಗುಂಡು ಒತ್ತುವ ಮೊದಲು, ಟಾರ್ಚು ಹಿಡಿದು ಪ್ರತಿ ಕೇಸಿನೊಳಗೂ ಇಣುಕಿ ಮದ್ದಿನ ಮಟ್ಟ ನೋಡುವುದು ಅವನ ಪದ್ಧತಿ. ಅಂದು ನೋಡಿದನೆ? ಆಮೇಲೆ ಈ ಪ್ರಶ್ನೆಯನ್ನು ಅವನು ತನಗೆ ತಾನೇ ಎಷ್ಟು ಸಲ ಕೇಳಿಕೊಂಡನೋ. ಟಾರ್ಚು ಹಿಡಿದ ಕೈ ಕಣ್ಣಿಗೆ ಕಟ್ಟುತ್ತಿತ್ತು. ಆದರೆ ಅದು ಯಾವ ದಿನದ ಕೈ ಎಂದು ಮಾತ್ರ ಹೇಳಲಾಗುತ್ತಿರಲಿಲ್ಲ.

ಜೂನ್ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಫೋನ್ ಬಂತು. ಮಾನ್ಯ. ಆ ಹುಡುಗಿ ಅಳುತ್ತಿರಲಿಲ್ಲ. “ಅಂಕಲ್, ಡ್ಯಾಡ್ಸ್ ಗನ್ ಬ್ಲೂ ಅಪ್,” ಅಪ್ಪನ ಬಂದೂಕು ಸಿಡಿದಿದೆ ಎಂದಷ್ಟೇ ಎರಡು ಸಲ ಹೇಳಿದಳು. ಅಮ್ಮ ಆಂಬುಲೆನ್ಸಿನಲ್ಲಿ ಜೊತೆಗೆ ಹೋಗಿದ್ದಾಳೆ, ತಾನೊಬ್ಬಳೇ ಮನೆಯಲ್ಲಿದ್ದೇನೆ ಎಂಬುದು ಮೂರನೆಯ ಮಾತಿಗೆ ತಿಳಿಯಿತು.

ಆದರ್ಶನ ಬಲಗಣ್ಣು ಹೋಗಿತ್ತು. ರೈಫಲ್ಲಿನ ಬುಡ ಸೀಳಿ, ಹಿತ್ತಾಳೆಯ ಚೂರು ಕಣ್ಣಿನೊಳಗೆ ನುಗ್ಗಿತ್ತು. ಎಡಗೈಯ ಎರಡು ಬೆರಳಿನ ನರ ಕಡಿದಿದ್ದವು. ಐದನೆಯ ದಿನ ಮಾತಾಡುವಂತಾದಾಗ ಮೃತ್ಯುಂಜಯ ಹಾಸಿಗೆಯ ಪಕ್ಕ ಕೂತ. ಕೇಳುವ ಮೊದಲೇ ಆದರ್ಶ್ ಹೇಳಿದ.

“ನಿಮ್ಮ ತಪ್ಪಲ್ಲ ಅಣ್ಣಾ. ನೀವು ಮನಸ್ಸಿಗೆ ಹಚ್ಕೋಬೇಡಿ. ಕಾಲುವೆ ದಾಟೋವಾಗ ಜಾರಿ ಬಿದ್ದೆ. ನಳಿಕೆ ಕೆಸರಿಗೆ ಹೋಯ್ತು. ಮೇಲೆ ಒರೆಸ್ದೆ, ಒಳಗೆ ನೋಡ್ಲಿಲ್ಲ. ಮೊಲ ಎದುರಿಗೇ ಕೂತಿತ್ತು. ಹೊಡೆದುಬಿಟ್ಟೆ.”

ನಳಿಕೆಯಲ್ಲಿ ಕೆಸರು ಸಿಕ್ಕಿಕೊಂಡಿದ್ದರೆ ಬಂದೂಕು ಸಿಡಿಯಬಹುದು. ಅದು ಎಲ್ಲರಿಗೂ ಗೊತ್ತಿದ್ದ ಮಾತು. ಮೃತ್ಯುಂಜಯ ಅವನ ಕೈ ಹಿಡಿದುಕೊಂಡು ಅತ್ತ. ನೋಡಿದವರು ಅದನ್ನು ದುಃಖ ಎಂದುಕೊಂಡರು. ದುಃಖವೂ ಇತ್ತು. ಆದರೆ ಮೊದಲು ಬಂದದ್ದು ಸಮಾಧಾನ. ಕಣ್ಣು ಕಳೆದುಕೊಂಡವನ ಪಕ್ಕದಲ್ಲಿ ಕೂತು ತನ್ನ ಎದೆ ಹಗುರಾದದ್ದು ಅವನಿಗೆ ಚೆನ್ನಾಗಿ ಗೊತ್ತಾಗಿತ್ತು.

ಪೊಲೀಸರು ಅವನ ಮನೆಗೂ ಬಂದರು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ. ಉಳಿದ ಮೂವತ್ತೇಳು ಕಾಡತೂಸುಗಳನ್ನು ಬಿಚ್ಚಿ ತೂಗಿದಾಗ ಎಲ್ಲದರಲ್ಲೂ ಮದ್ದು ಸರಿಯಾಗಿತ್ತು. ಒಡೆದ ಬಂದೂಕಿನಿಂದ ಕಾರಣ ಖಚಿತವಾಗಿ ಹೇಳಲಾಗದು, ನಳಿಕೆಯ ತಡೆ ಇದ್ದಿರಬಹುದು ಎಂದು ವರದಿ ಬಂತು. ಕಾಗದ ಪತ್ರ ಮುಗಿದವು.

ಒಂದೇ ಕಣ್ಣಿನಲ್ಲಿ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ಮರಗಟ್ಟಿದ ಬೆರಳಿನಲ್ಲಿ ಉಪಕರಣ ನಿಲ್ಲುವುದಿಲ್ಲ. ಆದರ್ಶ್ ಇನ್ನು ಯಾರ ಬಾಯೊಳಗೂ ಕೈಹಾಕುವಂತಿರಲಿಲ್ಲ. ಆಗಸ್ಟಿನಲ್ಲಿ ಮೃತ್ಯುಂಜಯ ಮತ್ತು ಇಂದಿರಾ ಹೋದಾಗ ಮನೆಯ ಗಾಳಿಯೇ ಬೇರೆಯಾಗಿತ್ತು. ಆದರ್ಶ್ ನೀರಿನ ಲೋಟ ಮೇಜಿನ ಮೇಲೆ ಇಡಲು ಹೋಗಿ ಅಂಚಿಗೆ ಇಟ್ಟ. ಬಿದ್ದು ಒಡೆಯಿತು.

“ಎಷ್ಟ್ ಸಲ ಹೇಳೋದು, ನೋಡ್ಕೊಂಡ್ ಇಡಿ ಅಂತ,” ಎಂದಳು ನಿಖಿತಾ. ಚೂರು ಆರಿಸುತ್ತ, ತಲೆಯೆತ್ತದೆ ಮುಂದುವರಿಸಿದಳು. “ಅವತ್ತೂ ಅಷ್ಟೇ. ಒಂದ್ ನಿಮಿಷ ನೋಡಿದ್ರೆ ಆಗ್ತಿತ್ತು. ಒಂದ್ ಮೊಲಕ್ಕೆ ನಮ್ ಮೂರು ಜನದ ಬದುಕು ಕೊಟ್ರಿ.”

ಆದರ್ಶ್ ತಲೆ ತಗ್ಗಿಸಿ ಒದ್ದೆ ನೆಲ ಒರೆಸತೊಡಗಿದ. ಮಾನ್ಯ ಊಟದ ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ವಾಪಸ್ಸು ಬರುವಾಗ ಕಾರಿನಲ್ಲಿ ಇಂದಿರಾ, “ಆ ಹುಡುಗ ಸೊರಗಿ ಹೋಗ್ಯಾನ್ರಿ,” ಎಂದಳು. “ತನ್ನ ಕೈಯಾರೆ ಮಾಡ್ಕೊಂಡೆ ಅನ್ನೋದು ಒಳಗs ತಿನ್ನಾಕತ್ತೈತಿ.”

ಸೆಪ್ಟೆಂಬರಿನಲ್ಲಿ ಮೃತ್ಯುಂಜಯ ಗ್ಯಾರೇಜಿನ ಮೇಜನ್ನು ಖಾಲಿ ಮಾಡಲು ನಿರ್ಧರಿಸಿದ. ಇನ್ನು ಬಂದೂಕು ಮುಟ್ಟುವ ಮನಸ್ಸಿರಲಿಲ್ಲ. ಉಳಿದ ಮದ್ದನ್ನು ಕ್ಲಬ್ಬಿಗೆ ಒಪ್ಪಿಸಬೇಕೆಂದು ಡಬ್ಬಿಯನ್ನು ತೂಗಿದ. ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿದ್ದ ತೂಕವೇ ಬಂತು. ಆ ಏಪ್ರಿಲ್ ಶನಿವಾರದ ನಂತರ ಡಬ್ಬಿ ತೆರೆದೇ ಇರಲಿಲ್ಲ. ಅಭ್ಯಾಸಬಲದಿಂದ ಅವನ ಕಣ್ಣು ಹಿಂದಿನ ಪುಟಕ್ಕೆ, ಅಂದು ತುಂಬಲು ಕೂರುವ ಮೊದಲು ಬರೆದ ತೂಕಕ್ಕೆ ಹೋಯಿತು. ಪೊಲೀಸರ ಮುಂದೆ ಆ ಪುಟದ ಮಾತೇ ಬಂದಿರಲಿಲ್ಲ. ಅವನಿಗೂ ಹೊಳೆದಿರಲಿಲ್ಲ. ಮೊದಲಿನದರಲ್ಲಿ ಆಮೇಲಿನದನ್ನು ಕಳೆದ. ಬಂದದ್ದನ್ನು ಒಂದು ಕಾಡತೂಸಿನ ಅಳತೆಯಿಂದ ಭಾಗಿಸಿದ.

ಐವತ್ತೊಂದು.

ಮತ್ತೆ ಭಾಗಿಸಿದ. ಪೆನ್ಸಿಲ್ ಬಿಟ್ಟು ಫೋನಿನಲ್ಲಿ ಒತ್ತಿ ನೋಡಿದ. ತುಂಬಿದ್ದು ಐವತ್ತು ಕೇಸು. ಖರ್ಚಾದದ್ದು ಐವತ್ತೊಂದು ಅಳತೆಯ ಮದ್ದು. ಹೆಚ್ಚಿನದು ಎಲ್ಲಿ ಹೋಯಿತು? ಆಲಿಕೆ ಕೂತಿದ್ದ ಆ ಕೇಸಿನಲ್ಲಿ ಆಗಲೇ ಮದ್ದಿತ್ತು. ನೆಲ ಒರೆಸಿ ಬಂದವನು ಅದರ ಮೇಲೆ ಇನ್ನೊಂದು ಅಳತೆ ಸುರಿದಿದ್ದ. ಚಿಟಿಕೆ ಎರಡಾದರೂ ಕೇಸಿನ ಅರ್ಧ ತುಂಬದು. ಉಕ್ಕಿ ಹೊರಗೆ ಬಿದ್ದು ಎಚ್ಚರಿಸುವಷ್ಟಲ್ಲ. ಆದರೆ ಬೇಗ ಉರಿಯುವ ಆ ಮದ್ದು ಎರಡರಷ್ಟಾದರೆ ಬಂದೂಕನ್ನೇ ಸೀಳಬಲ್ಲದು.

ಇಂದಿರಾ ಚಹಾಕ್ಕೆ ಕರೆಯಲು ಬಂದಾಗ ಅವನು ಗ್ಯಾರೇಜಿನ ನೆಲದ ಮೇಲೆ ಕೂತಿದ್ದ. ಪುಸ್ತಕ ತೋರಿಸಿದ. ಅವಳು ಎರಡು ಸಲ ಓದಿದಳು.

“ಚೆಲ್ಲಿರಬೇಕು ನೀವು.”

“ಚೆಲ್ಲಿಲ್ಲ.”

“ಗಡಿಬಿಡಿ ಇತ್ತಲ್ರಿ ಅವತ್ತು. ಚೆಲ್ಲಿದ್ದು ಗೊತ್ತಾಗಿರಾಕಿಲ್ಲ.”

“ಸರಿಯಾಗಿ ಒಂದು ಅಳತೆ ಚೆಲ್ಲತೈತೇನು ಇಂದಿರಾ? ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮಿ ಇಲ್ಲ.”

ಅವಳು ಬಾಗಿಲಿಗೆ ಒರಗಿ ನಿಂತಳು. ಸಣ್ಣ ದನಿಯಲ್ಲಿ ಹೇಳಿದಳು. “ನಾನೇ ಕರದಿದ್ದೆ ನಿಮ್ಮನ್ನ. ಒಂದು ಅರಿವಿ ಹಾಸಿದ್ರೂ ನಡೀತಿತ್ತು. ನೀರಷ್ಟೇ ಅಲ್ಲೇನು ಹರದಿದ್ದು.”

“ನಿಂದೇನೈತಿ ಇದರಾಗ?”

“ಹೇಳಬ್ಯಾಡ್ರಿ ಅವರಿಗೆ.” ಅವಳು ಅವನ ಎದುರು ಕೂತಳು. “ಹೇಳಿದ್ರ ಕಣ್ಣು ಬರತೈತೇನು? ನಿಮ್ಮನ್ನ ಅಣ್ಣ ಅಂತಾನ. ಅದನ್ನೂ ಕಸಗೊಂಡು ಏನು ಮಾಡೂದೈತಿ?”

ಅವನು ಹದಿಮೂರು ದಿನ ಹೇಳಲಿಲ್ಲ. ಕೆಲಸದಲ್ಲಿ ಒಂದೇ ಬಿಡಿಭಾಗವನ್ನು ಏಳೆಂಟು ಸಲ ಅಳೆಯುತ್ತಿದ್ದ. ಬರೆದ ಅಂಕಿಯನ್ನು ನಂಬಲಾರದೆ ಮತ್ತೆ ಅಳೆಯುತ್ತಿದ್ದ. ಅನ್ನ ಬಾಯಿಗಿಟ್ಟಾಗ ನಿಖಿತಾಳ ದನಿ ಕೇಳುತ್ತಿತ್ತು: ಒಂದ್ ನಿಮಿಷ ನೋಡಿದ್ರೆ ಆಗ್ತಿತ್ತು. ಆ ಮಾತು ಬರಬೇಕಾದದ್ದು ತನಗೆ. ಇನ್ನೊಬ್ಬ ತಲೆ ತಗ್ಗಿಸಿಕೊಂಡು ದಿನವೂ ಅದನ್ನು ತಿನ್ನುತ್ತಿದ್ದಾನೆ. ಹದಿನಾಲ್ಕನೆಯ ದಿನ ಶನಿವಾರ. ನೋಟ್‌ಬುಕ್ಕನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡು ಒಬ್ಬನೇ ಹ್ಯಾಮಿಲ್ಟನ್ನಿಗೆ ಹೊರಟ. ಇಂದಿರಾ ತಡೆಯಲಿಲ್ಲ. ರೊಟ್ಟಿಯ ಗಂಟನ್ನೂ ಕಟ್ಟಿಕೊಡಲಿಲ್ಲ.

ಆದರ್ಶ್ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಬಿಸಿಲಿತ್ತು. ಸಸಿಗಳ ಸುತ್ತ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಮೃತ್ಯುಂಜಯ ಪುಸ್ತಕ ತೆರೆದು, ಎರಡು ತೂಕಗಳನ್ನು ಬೆರಳಿಟ್ಟು ತೋರಿಸಿ, ನೀರಿನ ಪೈಪಿನಿಂದ ಹಿಡಿದು ಎಲ್ಲ ಹೇಳಿದ. ಕ್ಷಮಿಸಿ ಎಂಬ ಮಾತು ಮಾತ್ರ ಬಾಯಿಂದ ಬರಲಿಲ್ಲ. ಅಷ್ಟು ಸಣ್ಣ ಮಾತನ್ನು ಅಲ್ಲಿ ಎಲ್ಲಿಡುವುದೋ ತಿಳಿಯಲಿಲ್ಲ.

ಆದರ್ಶ್ ಪುಸ್ತಕವನ್ನು ಎಡಗಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ಅಂದ್ರೆ ಕೆಸರಲ್ಲ.”

“ಅಲ್ಲ.”

“ನಾನು ನಳಿಕೆ ಒಳಗೆ ನೋಡಿದ್ರೂ...”

“ನೋಡಿದ್ರೂ ಸಿಡೀತಿತ್ತು. ನಿಮ್ಮದೇನೂ ತಪ್ಪಿಲ್ಲ ಡಾಕ್ಟ್ರ. ಎಲ್ಲಾ ನಂದು.”

ಆದರ್ಶ್ ನಗಲಿಕ್ಕೆ ಹೋದವನಂತೆ ಬಾಯಿ ತೆರೆದು ಹಾಗೇ ನಿಲ್ಲಿಸಿದ. “ಮೂರೂವರೆ ತಿಂಗಳು, ಅಣ್ಣಾ. ದಿನಾ ಬೆಳಗ್ಗೆ ಎದ್ದು ಆ ಕಾಲುವೆ ದಾಟ್ತಾ ಇದ್ದೆ ನಾನು. ದಿನಾ ನಿಂತು ನಳಿಕೆ ಒಳಗೆ ನೋಡ್ತಾ ಇದ್ದೆ. ನೋಡಿದ್ದಿದ್ರೆ ಅಂತ. ಅದೊಂದನ್ನ ಹಿಡ್ಕೊಂಡು ಬದುಕ್ತಾ ಇದ್ದೆ, ಗೊತ್ತಾ? ನಾನು ಸರಿ ಮಾಡಬಹುದಾಗಿತ್ತು ಅನ್ನೋದನ್ನ.” ಪುಸ್ತಕ ಮುಚ್ಚಿ ವಾಪಸ್ಸು ಕೊಟ್ಟ. “ಈಗ ಅದೂ ಇಲ್ಲ. ಸುಮ್ನೆ ಹೋಯ್ತು. ನಾನೇನೂ ಮಾಡೋ ಹಾಗೇ ಇರ್ಲಿಲ್ಲ.”

ಮೃತ್ಯುಂಜಯ ಅವನ ಮೊಣಕಾಲು ಮುಟ್ಟಲು ಕೈ ಚಾಚಿದ. ಆದರ್ಶ್ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಸಿಟ್ಟಿನಿಂದಲ್ಲ, ತಣ್ಣಗಿನದೇನೋ ತಾಗಿದ ಹಾಗೆ.

“ನಿಖಿತಾಗೆ ನೀವೇ ಹೇಳಿ,” ಎಂದ. “ನನ್ನ ಕೈಲಾಗಲ್ಲ.”

ನಿಖಿತಾ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಕಾರು ನೋಡಿ ಅವನಿಗೆಂದೇ ಮಾಡಿದ್ದು. ನಿಂತುಕೊಂಡೇ ಹೇಳಿದ. ಎರಡನೇ ಸಲ ಹೇಳುವಾಗ ಮಾತು ಕಡಿಮೆ ಸಾಕಾಯಿತು. ಅವಳು ಕೇಳುತ್ತ ಸೋಸುವುದನ್ನು ನಿಲ್ಲಿಸಲಿಲ್ಲ. ಲೋಟ ತುಂಬಿ ಕಟ್ಟೆಯ ಮೇಲೆ ಹರಿಯಿತು.

“ಅವರನ್ನ ನಾನು ಏನೇನ್ ಅಂದಿದ್ದೀನಿ ಗೊತ್ತಾ ನಿಮಗೆ?” ಎಂದಳು ಕೊನೆಗೆ. ದನಿಯಲ್ಲಿ ಏರಿಳಿತವೇ ಇರಲಿಲ್ಲ. “ಮಗಳ ಎದುರಿಗೆ ಅಂದಿದ್ದೀನಿ. ಬೇಜವಾಬ್ದಾರಿ, ಅಪ್ಪ ಆಗೋಕೆ ಲಾಯಕ್ಕಿಲ್ಲ ಅಂತೆಲ್ಲ. ಅವರು ಸುಮ್ನೆ ಕೇಳಿಸ್ಕೊಂಡ್ರು. ಅದನ್ನೆಲ್ಲ ನಾನೀಗ ಹೇಗೆ ವಾಪಸ್ ತಗೊಳ್ಳಿ? ಹೇಳಿ. ನಿಮ್ಮ ಪುಸ್ತಕದಲ್ಲಿ ಅದಕ್ಕೇನಾದ್ರೂ ಬರೆದಿದ್ಯಾ?”

ಅವನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡ.

“ಹೋಗಿ ಅಂಕಲ್. ಪ್ಲೀಸ್.” ಅಷ್ಟು ವರ್ಷ ಅಣ್ಣ ಎಂದು ಕರೆದವಳು ಅವಳು.

ಕಾರಿನ ಬಾಗಿಲು ತೆರೆಯುವಾಗ ಆದರ್ಶ್ ಮನೆಯ ಪಕ್ಕದಿಂದ ಬಂದು ನಿಂತ. ಗೋಡೆಯ ದೂರ ತಿಳಿಯಲು ಒಂದು ಕೈ ಅದರ ಮೇಲೇ ಇತ್ತು. “ನೀವು ಹೇಳಿದ್ದು ಒಳ್ಳೇದಾಯ್ತು ಅಣ್ಣಾ. ಬೇರೆಯವರಾಗಿದ್ರೆ ಹೇಳ್ತಿರ್ಲಿಲ್ಲ. ಅದು ನಂಗೊತ್ತು,” ಎಂದ. “ಆದ್ರೆ ಇನ್ನು ಬರಬೇಡಿ. ಫೋನೂ ಮಾಡಬೇಡಿ.”

ಸೋಮವಾರ ಮೃತ್ಯುಂಜಯ ಪೊಲೀಸ್ ಠಾಣೆಗೆ ಹೋಗಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೇಳಿಕೆ ಕೊಟ್ಟ. ರೈಫಲ್ಲು, ಲೈಸೆನ್ಸು ಎರಡನ್ನೂ ಒಪ್ಪಿಸಿದ. ಅಧಿಕಾರಿ ಮರ್ಯಾದೆಯ ಮನುಷ್ಯ, ನೀರು ತಂದುಕೊಟ್ಟ. ಡಿಸೆಂಬರಿನಲ್ಲಿ ಪತ್ರ ಬಂತು. ಎಲ್ಲವನ್ನೂ ಪರಿಶೀಲಿಸಲಾಗಿದೆ, ಉದ್ದೇಶವಿಲ್ಲದೆ ಆದ ಅಚಾತುರ್ಯ, ಮೊಕದ್ದಮೆ ಹೂಡುವುದಿಲ್ಲ. ಇಂದಿರಾ ಓದಿ ದೇವರ ಮುಂದಿಟ್ಟು ಕೈಮುಗಿದಳು. ಅವನು ಆ ಪತ್ರಕ್ಕಾಗಿ ಮೂರು ತಿಂಗಳು ಕಾದಿದ್ದು ಬೇರೆ ಆಸೆಯಿಂದ. ಯಾರಾದರೂ ಇಷ್ಟು ವರ್ಷ ಶಿಕ್ಷೆ ಎಂದು ಬರೆದಿದ್ದರೆ ಆ ವರ್ಷಗಳಿಗೆ ಒಂದು ಕೊನೆಯಾದರೂ ಇರುತ್ತಿತ್ತು.

ಕಾರ್ಖಾನೆಯಲ್ಲಿ ಅವನು ತಾನೇ ಕೇಳಿಕೊಂಡು ಪ್ಯಾಕಿಂಗಿಗೆ ಹೋದ. ಪೆಟ್ಟಿಗೆಗೆ ಟೇಪು ಅಂಟಿಸುವ ಕೆಲಸ. ಮ್ಯಾನೇಜರು ಎರಡು ಸಲ ಕರೆದು ಮಾತಾಡಿಸಿ ಬಿಟ್ಟುಬಿಟ್ಟ. ಸಂಘದ ಯುಗಾದಿಗೆ ಗಂಡಹೆಂಡತಿ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿ ಯಾರೂ ಫೋನ್ ಮಾಡಲೂ ಇಲ್ಲ. ಮನೆಯಲ್ಲಿ ಇಬ್ಬರೂ ಮೆತ್ತಗೆ ಮಾತಾಡುತ್ತಿದ್ದರು. ಬಟ್ಟೆ ಒಗೆಯುವ ದಿನ ಇಂದಿರಾ ಮಷೀನಿನ ಮುಂದೆ ಕೊನೆಯ ಸುತ್ತು ಮುಗಿಯುವ ತನಕ ನಿಂತೇ ಇರುತ್ತಿದ್ದಳು. ಒಮ್ಮೆ ಅವನು ಕೇಳಿದ, “ನಾನು ಹೇಳಬಾರದಿತ್ತೇನು?” ಅವಳು, “ಗೊತ್ತಿಲ್ರಿ,” ಎಂದಳು. ಸುಳ್ಳು ಸಮಾಧಾನ ಹೇಳುವ ಶಕ್ತಿ ಅವಳಲ್ಲೂ ಉಳಿದಿರಲಿಲ್ಲ.

ಮೇ ತಿಂಗಳ ಒಂದು ಶನಿವಾರ ಪಾಪಕುರಾದ ಸೂಪರ್‌ಮಾರ್ಕೆಟ್ಟಿನ ಮುಂದೆ ಕಾರು ನಿಲ್ಲಿಸಿದಾಗ ಇಂದಿರಾಳ ಫೋನಿಗೆ ಸಂಘದ ಗುಂಪಿನ ಸಂದೇಶ ಬಂತು. ಅವಳು ನೋಡಿ, ಅವನಿಗೂ ಓದಿ ಹೇಳಿದಳು. ಡಾಕ್ಟರ್ ಆದರ್ಶ್ ಜಾಗ ಮಾರಿದ್ದಾರೆ. ಅವರೂ ಮಗಳೂ ನಿನ್ನೆ ಮೈಸೂರಿಗೆ ಹೊರಟರು. ನಿಖಿತಾ ಸದ್ಯಕ್ಕೆ ಇಲ್ಲೇ ಇರುತ್ತಾರೆ. ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ಬಂದವರಿಗೆಲ್ಲ ಧನ್ಯವಾದಗಳು.

“ನಿನ್ನೆ,” ಎಂದ ಮೃತ್ಯುಂಜಯ.

“ಹೂಂ. ನಿನ್ನೆ.”

ವಿಮಾನ ನಿಲ್ದಾಣ ಮನೆಯಿಂದ ಇಪ್ಪತ್ತೈದು ನಿಮಿಷದ ದಾರಿ. ನಿನ್ನೆ ಆ ಹೊತ್ತಿಗೆ ತಾನೇನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಇಂದಿರಾ ಸಾಮಾನಿನ ಚೀಟಿಯನ್ನು ಅವನ ಕೈಗೆ ಕೊಟ್ಟು, “ನೀವ ಹೋಗಿ ಬರ್ರಿ, ನಾನು ಇಲ್ಲೇ ಕೂಡ್ತೀನಿ,” ಎಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಅವನು ಇಳಿದು ಒಳಗೆ ಹೋದ. ತಳ್ಳುಗಾಡಿ ಹಿಡಿದು ಹಾಲು ತೆಗೆದುಕೊಂಡ, ಈರುಳ್ಳಿ ತೆಗೆದುಕೊಂಡ. ಕೊತ್ತಂಬರಿ ಇರಲಿಲ್ಲ. ಖಾಲಿ ಬುಟ್ಟಿಯ ಮುಂದೆ ಅವನು ನಿಂತೇ ಇದ್ದ. ಅಂಗಡಿಯ ಹುಡುಗಿಯೊಬ್ಬಳು ಹತ್ತಿರ ಬಂದು ಏನಾದರೂ ಹುಡುಕುತ್ತಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಎಂದ.